ಬಾಟಲಿಯಲ್ಲಿ ಉಳಿದ ಸಕ್ಕರೆ

1862ರ ಆಗಸ್ಟ್‌ನಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ 202 ಪೌಂಡ್ ತೂಗುತ್ತಿದ್ದರು. ನಮ್ಮ ಲೆಕ್ಕದಲ್ಲಿ ಸುಮಾರು 92 ಕಿಲೊ. ಎತ್ತರ ಐದು ಅಡಿ ಐದು ಇಂಚು ಮಾತ್ರ. ಇಂಗ್ಲೆಂಡಿನ ರಾಜಮನೆತನದ ಶವಸಂಸ್ಕಾರದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಹೆಸರುವಾಸಿ ಕುಟುಂಬ ಅವರದು; ಉಣ್ಣಲು ಉಡಲು ಕೊರತೆಯಿರಲಿಲ್ಲ. ಆದರೆ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಲಾಗುತ್ತಿರಲಿಲ್ಲ, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕಿತ್ತು. ಕಿವಿ ಮಂದವಾಯಿತೆಂದು ಅವರು ಹೋಗಿ ಕಂಡ ವೈದ್ಯ ವಿಲಿಯಂ ಹಾರ್ವಿ ಊಟದ ಪಟ್ಟಿಯೊಂದನ್ನು ಕೊಟ್ಟರು. ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಡಬೇಕು; ಮಾಂಸ, ಮೀನು, ತರಕಾರಿ ತಿನ್ನಬಹುದು. ವರ್ಷ ತುಂಬುವಷ್ಟರಲ್ಲಿ 46 ಪೌಂಡ್ ಇಳಿಯಿತು. 1863ರಲ್ಲಿ ಬ್ಯಾಂಟಿಂಗ್ ತಮ್ಮ ಅನುಭವವನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದರು. ಇಂದು ಲೋ ಕಾರ್ಬ್, ಕೀಟೊ ಎಂದೆಲ್ಲ ಕರೆಸಿಕೊಳ್ಳುವ ಪಥ್ಯಗಳು ಜನರ ನಡುವೆ ಹಬ್ಬಿದ್ದು ಆ ಪುಟ್ಟ ಪುಸ್ತಕದಿಂದ.

ಆ ಪಟ್ಟಿಯಲ್ಲಿ ವೈನ್ ಕೂಡ ಇತ್ತು, ಅದೂ ಆರಿಸಿಕೊಟ್ಟ ವೈನ್. ಮಧ್ಯಾಹ್ನದ ಊಟದ ಜೊತೆ ಎರಡು ಮೂರು ಗ್ಲಾಸು ಕ್ಲಾರೆಟ್, ಅಂದರೆ ಬೋರ್ಡೊ ಪ್ರಾಂತ್ಯದ ಕೆಂಪು ವೈನ್, ಕುಡಿಯಬಹುದು. ಶೆರಿ, ಮದೀರಾ ಆದರೂ ಆದೀತು. ಶಾಂಪೇನ್, ಪೋರ್ಟ್ ಮತ್ತು ಬಿಯರ್ ಮಾತ್ರ ಮುಟ್ಟಬಾರದು. ಇಂದಿನ ಓದುಗರಿಗೆ ಶಾಂಪೇನ್ ಯಾಕೆ ನಿಷಿದ್ಧವಾಯಿತೆಂದು ಅಚ್ಚರಿಯಾಗಬಹುದು, ಏಕೆಂದರೆ ಈಗ ಸಿಗುವ ಶಾಂಪೇನ್ ಹೆಚ್ಚಾಗಿ ಸಿಹಿಯಲ್ಲ. ಅದರ ಕಾರಣ ಸಮುದ್ರದ ತಳದಲ್ಲಿ ಸಿಕ್ಕಿತು. 2010ರಲ್ಲಿ ಫಿನ್ಲೆಂಡಿಗೆ ಸೇರಿದ ಓಲಂಡ್ ದ್ವೀಪಗಳ ಬಳಿ, ಬಾಲ್ಟಿಕ್ ಸಮುದ್ರದಲ್ಲಿ ಮುಳುಗಿದ್ದ ಹಡಗೊಂದರಿಂದ ಸುಮಾರು 170 ವರ್ಷ ಹಳೆಯ ಶಾಂಪೇನ್ ಬಾಟಲಿಗಳನ್ನು ಮೇಲೆತ್ತಿದರು. ಪರೀಕ್ಷಿಸಿದಾಗ ಲೀಟರಿಗೆ 140 ಗ್ರಾಂಗೂ ಮೇಲ್ಪಟ್ಟು ಸಕ್ಕರೆ ಇತ್ತು. ಇಂದಿನ ಕೋಲಾ ಪಾನೀಯದಲ್ಲಿ ಇರುವುದು ಲೀಟರಿಗೆ 106 ಗ್ರಾಂನಷ್ಟು. ಹಾರ್ವಿ ಶಾಂಪೇನನ್ನು ಬಿಯರಿನ ಸಾಲಿನಲ್ಲಿ ನಿಲ್ಲಿಸಿದ್ದರಲ್ಲಿ ತಪ್ಪಿರಲಿಲ್ಲ. ಮದೀರಾಕ್ಕೆ ಒಪ್ಪಿಗೆ ಕೊಟ್ಟಿದ್ದು ಮಾತ್ರ ಸರಿಯಲ್ಲ; ಅದರ ಒಣ, ಅಂದರೆ ಸಿಹಿ ಕಡಿಮೆಯ ಡ್ರೈ ಬಗೆಯಲ್ಲೂ ಸಾಕಷ್ಟು ಸಕ್ಕರೆ ಉಳಿದಿರುತ್ತದೆ.

ನೂರಅರವತ್ತು ವರ್ಷಗಳ ಮೇಲೆ ಅದೇ ಪ್ರಶ್ನೆ ನಮ್ಮ ಮನೆಗಳಿಗೆ ಬಂದಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅನ್ನ ಅರ್ಧ ಮಾಡಿದವರು, ಮುದ್ದೆಯ ಗಾತ್ರ ಇಳಿಸಿದವರು, ಕಾಫಿಗೆ ಸಕ್ಕರೆ ಬಿಟ್ಟವರು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರಲ್ಲಿ ಕೆಲವರಾದರೂ ಮದುವೆಯ ಪಾರ್ಟಿಯಲ್ಲಿ, ಕ್ರಿಸ್‌ಮಸ್ ಹಬ್ಬದಲ್ಲಿ, ಮಗಳ ಮನೆಗೆ ಅಮೆರಿಕಕ್ಕೆ ಹೋದಾಗ ಒಂದು ಗ್ಲಾಸು ವೈನ್ ಕೈಗೆ ಬಂದರೆ ತಡೆದು ಯೋಚಿಸುತ್ತಾರೆ: ಇದರಲ್ಲಿ ಎಷ್ಟು ಕಾರ್ಬೋಹೈಡ್ರೇಟ್ ಇದೆ? ಇವರಿಗೆ ‘ಕುಡಿಯಬೇಡಿ’ ಎಂದು ಹೇಳಿ ಎದ್ದು ಹೋಗುವುದು ಸುಲಭ. ‘ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು’ ಎಂದು ಸುರಿದುಕೊಡುವುದು ಇನ್ನೂ ಸುಲಭ. ಎರಡರಿಂದಲೂ ಅವರ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಉತ್ತರ ದ್ರಾಕ್ಷಿಯಿಂದಲೇ ಶುರುವಾಗಬೇಕು. ವೈನ್‌ಗೆಂದು ಕೊಯ್ಯುವ ಹಣ್ಣಿನ ರಸದಲ್ಲಿ ಲೀಟರಿಗೆ 200ರಿಂದ 240 ಗ್ರಾಂವರೆಗೆ ಸಕ್ಕರೆ ಇರುತ್ತದೆ. ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡು ಬಗೆ, ಹೆಚ್ಚುಕಡಿಮೆ ಸಮ ಪಾಲು. ಯೀಸ್ಟ್ ಅದನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಖರ್ಚಾದರೆ ಶೇ 1ರಷ್ಟು ಆಲ್ಕೋಹಾಲ್ ಹುಟ್ಟುತ್ತದೆ. 220 ಗ್ರಾಂ ಇದ್ದ ರಸವನ್ನು ಯೀಸ್ಟ್ ಪೂರ್ತಿ ಮುಗಿಸಿದರೆ ಶೇ 13ರ ಸುಮಾರಿನ ವೈನ್ ಸಿದ್ಧ. ಸಕ್ಕರೆ ಬಹುತೇಕ ಖಾಲಿ. ಮುಗಿಯುವ ಮೊದಲೇ ರಸವನ್ನು ಕೊರೆಯುವಷ್ಟು ತಣ್ಣಗಾಗಿಸಿಯೋ, ಯೀಸ್ಟನ್ನು ಸೋಸಿ ತೆಗೆದೋ, ಬ್ರಾಂದಿಯಂಥ ಮದ್ಯ ಸುರಿದೋ ಕೆಲಸ ನಿಲ್ಲಿಸಿದರೆ ಒಂದಷ್ಟು ಸಕ್ಕರೆ ಹಾಗೇ ಉಳಿಯುತ್ತದೆ. ವೈನ್ ಮಾಡುವವರು ಇದನ್ನು ಉಳಿಕೆ ಸಕ್ಕರೆ ಎನ್ನುತ್ತಾರೆ. ಪಥ್ಯದವರು ತಿಳಿಯಬೇಕಾದ ಅಂಕಿ ಇದೊಂದೇ, ಬಾಟಲಿಯ ಮೇಲೆ ಸಾಮಾನ್ಯವಾಗಿ ಕಾಣದ ಅಂಕಿಯೂ ಇದೇ.

ಕಾಣದಿದ್ದರೂ ಊಹಿಸಬಹುದು. ಪ್ರತಿ ಬಾಟಲಿಯ ಮೇಲೂ ಆಲ್ಕೋಹಾಲ್ ಪ್ರಮಾಣ ಅಚ್ಚಾಗಿರುತ್ತದೆ. ಬಿಳಿ ವೈನೊಂದರ ಮೇಲೆ ಶೇ 8 ಅಂತಿದ್ದರೆ 17ರಿಂದ ಗುಣಿಸಿ ನೋಡಿ: ಯೀಸ್ಟ್ ತಿಂದದ್ದು 136 ಗ್ರಾಂ. ಹಣ್ಣಿನಲ್ಲಿ 200 ಗ್ರಾಂ ಇದ್ದಿದ್ದರೆ ಉಳಿದ 60 ಚಿಲ್ಲರೆ ಗ್ರಾಂ ಬಾಟಲಿಯೊಳಗೇ ಇದೆ. ಅದರ ಒಂದು ಗ್ಲಾಸು, ಅಂದರೆ 150 ಮಿಲಿ, ಎರಡು ಚಮಚ ಸಕ್ಕರೆಗೆ ಸಮ. ಇಟಲಿಯ ಮೊಸ್ಕಾಟೊ ದಾಸ್ತಿಯಲ್ಲಿ ಆಲ್ಕೋಹಾಲ್ ಶೇ 5ರ ಆಸುಪಾಸು. ಸಕ್ಕರೆ ಅದಕ್ಕೆ ತಕ್ಕಂತೆ ಏರಿರುತ್ತದೆ. ‘ಲೈಟ್ ಆಗಿದೆ, ಪರವಾಗಿಲ್ಲ’ ಎಂದು ಮಧುಮೇಹಿಗಳು ಆರಿಸಿಕೊಳ್ಳುವುದು ಇಂಥ ಬಾಟಲಿಗಳನ್ನೇ, ಅದೇ ಸಂಕಟ. ಶೇ 12ರಿಂದ 14ರ ನಡುವಿನ ಸಾಧಾರಣ ಟೇಬಲ್ ವೈನ್ ಹೆಚ್ಚಾಗಿ ಒಣದಾಗಿರುತ್ತದೆ. ಶೇ 18 ದಾಟಿದರೆ ಮತ್ತೆ ಎಚ್ಚರ ಬೇಕು. ಅದು ಮದ್ಯ ಬೆರೆಸಿದ ವೈನ್. ಪೋರ್ಚುಗಲ್ಲಿನ ನಿಜವಾದ ಪೋರ್ಟ್ ಹೀಗೆ ಅರ್ಧದಾರಿಯಲ್ಲಿ ನಿಲ್ಲಿಸಿದ್ದು. ಲೀಟರಿಗೆ 100 ಗ್ರಾಂ ಸಕ್ಕರೆ ಅದರಲ್ಲಿ ಸಾಮಾನ್ಯ. ಆದರೆ ಎಲ್ಲ ಮದ್ಯ ಬೆರೆಸಿದ ವೈನೂ ಸಿಹಿಯಲ್ಲ. ಸ್ಪೇನಿನ ಫಿನೊ ಶೆರಿಯಲ್ಲಿ ಯೀಸ್ಟ್ ಎಲ್ಲ ಮುಗಿಸಿದ ಮೇಲೆ ಮದ್ಯ ಸೇರಿಸುತ್ತಾರೆ, ಹಾಗಾಗಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಅದೇ ನಾಡಿನ ಪೆದ್ರೊ ಹಿಮೆನೆಸ್ ಶೆರಿ ಜೋನಿಬೆಲ್ಲದಷ್ಟು ಮಂದ, ಅಷ್ಟೇ ಸಿಹಿ.

ಲೇಬಲ್ ಮೇಲಿನ ಪದಗಳಿಗೂ ಅರ್ಥವಿದೆ. ಯುರೋಪಿನ ನಿಯಮದಲ್ಲಿ ಡ್ರೈ ಎಂದರೆ ಲೀಟರಿಗೆ 4 ಗ್ರಾಂವರೆಗೆ; ಹುಳಿ ಜಾಸ್ತಿಯಿದ್ದರೆ 9ರವರೆಗೂ ಅವಕಾಶ. 45 ಗ್ರಾಂ ಮುಟ್ಟಿದರೆ ಸಿಹಿ ವೈನ್. ಫ್ರೆಂಚಿನವರು ಡ್ರೈಗೆ ಸೆಕ್ ಎಂದೂ, ಇಟಲಿಯವರು ಸೆಕ್ಕೊ ಎಂದೂ, ಜರ್ಮನರು ಟ್ರೋಕನ್ ಎಂದೂ ಬರೆಯುತ್ತಾರೆ. ಮ್ವಾಲೊ, ದೂ, ಅಮಾಬಿಲೆ, ದೋಲ್ಚೆ, ಲೇಟ್ ಹಾರ್ವೆಸ್ಟ್, ಡೆಸರ್ಟ್ ವೈನ್ ಎಂದು ಕಂಡರೆ ಪಥ್ಯದವರ ಬಾಟಲಿ ಅದಲ್ಲ. ಜರ್ಮನಿಯ ಕ್ಯಾಬಿನೆಟ್, ಶ್ಪೇಟ್‌ಲೇಸೆ ಎಂಬ ಪದಗಳು ಕೊಯ್ಯುವಾಗ ಹಣ್ಣು ಎಷ್ಟು ಮಾಗಿತ್ತೆಂದು ಹೇಳುತ್ತವೆಯೇ ಹೊರತು ವೈನಿನಲ್ಲಿ ಎಷ್ಟು ಸಕ್ಕರೆ ಉಳಿದಿದೆಯೆಂದು ಹೇಳುವುದಿಲ್ಲ. ಅವುಗಳ ಪಕ್ಕದಲ್ಲಿ ಟ್ರೋಕನ್ ಇದೆಯೇ ನೋಡಬೇಕು.

ನೊರೆಯೇಳುವ ವೈನುಗಳ ಪದಗಳೇ ಬೇರೆ, ಜನ ಮೋಸಹೋಗುವುದೂ ಅಲ್ಲಿಯೇ. ಬ್ರೂಟ್ ನೇಚರ್ ಎಂದರೆ 3 ಗ್ರಾಂಗಿಂತ ಕಡಿಮೆ, ಎಕ್ಸ್‌ಟ್ರಾ ಬ್ರೂಟ್ 6ರವರೆಗೆ, ಬ್ರೂಟ್ 12ಕ್ಕಿಂತ ಕಡಿಮೆ. ಇಲ್ಲಿಯವರೆಗೆ ಸರಿ. ಆಮೇಲೆ ಬರುವ ಎಕ್ಸ್‌ಟ್ರಾ ಡ್ರೈ ಎಂಬುದು ಬ್ರೂಟ್‌ಗಿಂತ ಸಿಹಿ, 12ರಿಂದ 17 ಗ್ರಾಂ. ಬರೀ ಡ್ರೈ ಎಂದಿದ್ದರೆ 17ರಿಂದ 32 ಗ್ರಾಂ. ಸಾಧಾರಣ ವೈನಿನಲ್ಲಿ ಸಕ್ಕರೆ ಇಲ್ಲವೆಂದು ಸೂಚಿಸುವ ಪದವೇ ನೊರೆಯ ವೈನಿನಲ್ಲಿ ಸಕ್ಕರೆ ಇದೆಯೆಂದು ಹೇಳುತ್ತದೆ. ಶಾಂಪೇನೆಲ್ಲ ಸಿಹಿಯಾಗಿದ್ದ ಕಾಲದಲ್ಲಿ, ಉಳಿದವುಗಳಿಗಿಂತ ಕಡಿಮೆ ಸಿಹಿಯದನ್ನು ಡ್ರೈ ಎಂದು ಕರೆದರು, ಹೆಸರು ಹಾಗೇ ನಿಂತಿತು. 1874ರ ಸುಗ್ಗಿಯಲ್ಲಿ ಮದಾಂ ಪೊಮೆರಿ ಇಂಗ್ಲಿಷರ ರುಚಿಗೆ ತಕ್ಕಂತೆ ಸಿಹಿ ಕಡಿಮೆ ಮಾಡಿದ ಶಾಂಪೇನ್ ತಂದ ಮೇಲೆ ಬ್ರೂಟ್ ನಿಧಾನಕ್ಕೆ ರೂಢಿಯಾಯಿತು. ಬೆಂಗಳೂರಿನ ಮದುವೆ ಆರತಕ್ಷತೆಗಳಲ್ಲೂ ಈಗ ಹರಿದಾಡುವ ಪ್ರೊಸೆಕ್ಕೊ ಬಹಳ ಸಲ ಎಕ್ಸ್‌ಟ್ರಾ ಡ್ರೈ ಬಗೆಯದು. ಅಲ್ಲಿ ಆಯ್ಕೆಯಿದ್ದರೆ ಬ್ರೂಟ್ ಕೇಳಿ.

ನಾಲಿಗೆಯನ್ನು ನಂಬಿ ಕೂರುವಂತಿಲ್ಲ. ಚೆನ್ನಾಗಿ ಮಾಗಿದ ಶಿರಾಜ್ ದ್ರಾಕ್ಷಿಯ ವೈನಿಗೆ ನೇರಳೆ ಹಣ್ಣಿನ ವಾಸನೆ ಇರುತ್ತದೆ, ಬಾಯಿ ಸಿಹಿಯೆಂದೇ ಭಾವಿಸುತ್ತದೆ. ಸಕ್ಕರೆ ಮಾತ್ರ ಒಂದೆರಡು ಗ್ರಾಂ. ಹುಳಿ ತೀಕ್ಷ್ಣವಾಗಿರುವ ರೀಸ್ಲಿಂಗ್‌ನಲ್ಲಿ ಎಂಟು ಹತ್ತು ಗ್ರಾಂ ಅಡಗಿದ್ದರೂ ಗೊತ್ತಾಗುವುದಿಲ್ಲ. ನಿಂಬೆ ಪಾನಕದಲ್ಲಿ ಎಷ್ಟು ಸಕ್ಕರೆ ಕರಗಿದೆಯೆಂದು ಹುಳಿಯ ಮಧ್ಯೆ ತಿಳಿಯದಿರುವುದು ಹೀಗೆಯೇ. ಕೆಂಪು ವೈನಿನ ಒಗರೂ ಸಿಹಿಯನ್ನು ಮುಚ್ಚುತ್ತದೆ. ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ ‘ರೆಡ್ ಬ್ಲೆಂಡ್’ ಹೆಸರಿನಲ್ಲಿ ಮಾರುವ ಕೆಲವು ವೈನುಗಳಲ್ಲಿ ಲೀಟರಿಗೆ ಹತ್ತು ಗ್ರಾಂ ದಾಟಿದ ಸಕ್ಕರೆ ಇರುತ್ತದೆ, ಕುಡಿದವರು ‘ಸ್ಮೂತ್’ ಎನ್ನುತ್ತಾರೆ.

ಮನೆಯ ಗ್ಲೂಕೋಮೀಟರಿನ ಪಟ್ಟಿಗೆ ವೈನಿನ ಹನಿ ತಾಗಿಸಿ ನೋಡಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಬೇಡ. ಆ ಪಟ್ಟಿ ಗುರುತಿಸುವುದು ಗ್ಲೂಕೋಸನ್ನು. ಯೀಸ್ಟ್ ಮೊದಲು ಇಷ್ಟಪಟ್ಟು ತಿನ್ನುವುದೂ ಗ್ಲೂಕೋಸನ್ನೇ, ಹಾಗಾಗಿ ಕೊನೆಗೆ ಉಳಿಯುವುದು ಬಹುಪಾಲು ಫ್ರಕ್ಟೋಸ್. ಯಂತ್ರ ಕಡಿಮೆ ತೋರಿಸುತ್ತದೆ, ನೀವು ನಂಬಿ ಕುಡಿಯುತ್ತೀರಿ. ಗ್ಲೂಕೋಮೀಟರ್ ಬರುವುದಕ್ಕೂ ಮೊದಲಿನ ವಿಧಾನ ಈ ಕೆಲಸಕ್ಕೆ ಹೆಚ್ಚು ಯೋಗ್ಯವಾಗಿತ್ತು. ನಮ್ಮ ಹಿರಿಯರು ಮೂತ್ರಕ್ಕೆ ಬೆನೆಡಿಕ್ಟ್ ದ್ರಾವಣ ಹಾಕಿ ಕಾಯಿಸಿ, ನೀಲಿ ಬಣ್ಣ ಹಸಿರಾಯಿತೇ, ಇಟ್ಟಿಗೆ ಕೆಂಪಾಯಿತೇ ಎಂದು ನೋಡುತ್ತಿದ್ದರು. ಅದೇ ತಾಮ್ರದ ರಾಸಾಯನಿಕ ಕ್ರಿಯೆಯನ್ನು ಮಾತ್ರೆಯ ರೂಪದಲ್ಲಿ ಕೊಟ್ಟ ಕ್ಲಿನಿಟೆಸ್ಟ್ ಅನ್ನು ಅಮೆರಿಕದ ಸಣ್ಣ ವೈನ್ ತಯಾರಕರು ತಮ್ಮ ಪೀಪಾಯಿಯಲ್ಲಿ ಸಕ್ಕರೆ ಮುಗಿಯಿತೇ ಎಂದು ತಿಳಿಯಲು ಬಳಸುತ್ತಿದ್ದರು. ಅದು ಎರಡೂ ಸಕ್ಕರೆಯನ್ನು ಹಿಡಿಯುತ್ತದೆ.

ಈಗ ನಮ್ಮ ನಾಡಿನ ಮಾತು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ದಪ್ಪ ಸಿಪ್ಪೆ, ಗಾಢ ಬಣ್ಣ, ಮೂಗಿಗೆ ಬಡಿಯುವ ಘಮಲು. ಯುರೋಪಿನ ವೈನ್ ತಳಿಗಳ ಕುಲಕ್ಕಿಂತ ಅಮೆರಿಕದ ಲಬ್ರುಸ್ಕಾ ಕುಲಕ್ಕೆ ಹತ್ತಿರದ ಹಣ್ಣು. ಇದರಿಂದ ಮಾಡಿದ ಒಣ ವೈನಿಗೆ ಮಾರುಕಟ್ಟೆ ಕಡಿಮೆ. ಸಿಹಿ ಸೇರಿದ, ಅಂಗಡಿಗಳಲ್ಲಿ ಪೋರ್ಟ್ ವೈನ್ ಎಂದೇ ಕೇಳಿ ಕೊಳ್ಳುವ ಬಗೆಗೆ ಹೆಚ್ಚು. ಬೆಲೆ ಕಡಿಮೆ, ಕುಡಿಯಲು ಸುಲಭ, ‘ರಕ್ತಕ್ಕೆ ಒಳ್ಳೆಯದು’ ಎಂಬ ನಂಬಿಕೆಯೂ ಜೊತೆಗಿದೆ. ಬಾಣಂತಿಯರಿಗೆ, ವಯಸ್ಸಾದವರಿಗೆ ಟಾನಿಕ್ಕಿನಂತೆ ಕೊಡುವ ಮನೆಗಳೂ ಇವೆ. ಹಾಲುಣಿಸುವ ತಾಯಿಗೆ ಇದನ್ನು ಕೊಡುವುದು ಮಗುವಿನ ದೃಷ್ಟಿಯಿಂದಲೇ ತಪ್ಪು. ಸಕ್ಕರೆ ಕಾಯಿಲೆಯ ಅಜ್ಜನಿಗೆ ಕೊಟ್ಟರೆ ಸಿಹಿ ಪಾನಕವನ್ನೇ ಕೊಟ್ಟಂತೆ, ಮೇಲೆ ಆಲ್ಕೋಹಾಲ್ ಬೇರೆ.

ಕೊಡಗಿಗೆ ಹೋದ ಪ್ರವಾಸಿಗರು ಜೇನು, ಕಾಫಿಪುಡಿ, ಕಾಳುಮೆಣಸಿನ ಜೊತೆ ‘ಹೋಮ್‌ಮೇಡ್ ವೈನ್’ ಕೂಡ ಹಿಡಿದು ಬರುತ್ತಾರೆ. ದ್ರಾಕ್ಷಿ, ಶುಂಠಿ, ನೆಲ್ಲಿಕಾಯಿ, ವೀಳ್ಯದೆಲೆ, ಗಾಂಧಾರಿ ಮೆಣಸು ಎಂದು ಬಗೆ ಬಗೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ವಾರಗಳ ಮೊದಲೇ ಭರಣಿಯಲ್ಲಿ ದ್ರಾಕ್ಷಿ ಹಾಕಿ ಇಡುವ ಸಂಪ್ರದಾಯ ಚೆಂದದ್ದು, ಆ ಅಕ್ಕರೆಗೆ ನನ್ನ ಗೌರವವಿದೆ. ಪಥ್ಯದವರಿಗಾಗಿ ಲೆಕ್ಕ ಮಾತ್ರ ಹಾಕಲೇಬೇಕು. ಒಂದು ಕಿಲೊ ದ್ರಾಕ್ಷಿ, ಒಂದು ಕಿಲೊ ಸಕ್ಕರೆ, ಎರಡು ಲೀಟರ್ ನೀರು, ಹಿಡಿ ಗೋಧಿ, ಚಿಟಿಕೆ ಯೀಸ್ಟ್ ಎಂಬುದು ಕೈಯಿಂದ ಕೈಗೆ ಬಂದ ಸಾಮಾನ್ಯ ಅಳತೆ. ಹಣ್ಣಿನದು ಸೇರಿ ಸಕ್ಕರೆ 1,150 ಗ್ರಾಂನಷ್ಟು, ಒಟ್ಟು ರಸ ಮೂರೂವರೆ ಲೀಟರಿನ ಒಳಗೆ. ಲೀಟರಿಗೆ 330 ಗ್ರಾಂ ಮೇಲಾಯಿತು. ಬ್ರೆಡ್ಡಿನ ಯೀಸ್ಟ್ ಶೇ 10ರಿಂದ 12ರಷ್ಟು ಆಲ್ಕೋಹಾಲ್ ಹುಟ್ಟುವ ಹೊತ್ತಿಗೆ ಸೋಲುತ್ತದೆ, ಅಂದರೆ 200 ಗ್ರಾಂ ತಿಂದು ನಿಲ್ಲುತ್ತದೆ. ಉಳಿದದ್ದು ಲೀಟರಿಗೆ 130 ಗ್ರಾಂ ಆಸುಪಾಸು. ಪುಟ್ಟ ಲೋಟದ 100 ಮಿಲಿಯಲ್ಲಿ ಮೂರು ಚಮಚದಷ್ಟು ಸಕ್ಕರೆ. ಶುಂಠಿ, ನೆಲ್ಲಿಕಾಯಿ ಎಂಬ ಹೆಸರು ಕೇಳಿ ಔಷಧವೆಂದುಕೊಳ್ಳುವವರು ಈ ಲೆಕ್ಕವನ್ನು ನೆನಪಿಡಬೇಕು, ಏಕೆಂದರೆ ಅವುಗಳಲ್ಲಿ ಸಿಹಿಯೆಲ್ಲ ಹಾಕಿದ ಸಕ್ಕರೆಯದೇ.

ಇದೇ ನಾಡಿನಲ್ಲಿ ಒಳ್ಳೆಯ ಒಣ ವೈನೂ ತಯಾರಾಗುತ್ತದೆ. 1980ರ ದಶಕದಲ್ಲಿ ಕನ್ವಲ್ ಗ್ರೋವರ್ ಫ್ರಾನ್ಸಿನ ಜಾರ್ಜ್ ವೆಸೆಲ್ ಅವರ ನೆರವಿನಿಂದ ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಫ್ರೆಂಚ್ ತಳಿಗಳನ್ನು ಬೇರೂರಿಸಿದರು. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿ ತಂದಿತು, ವೈನ್ ಮಂಡಳಿಯೂ ಬಂತು. ಈಗ ಹಂಪಿ ಕಡೆಯ ಗುಡ್ಡಗಳಲ್ಲೂ ಕ್ಯಾಬರ್ನೆ ಸೋವಿನ್ಯೋಂ ಬೆಳೆಯುತ್ತಾರೆ. ನಂದಿಯ ಶಿರಾಜ್, ಕ್ಯಾಬರ್ನೆ, ಸೋವಿನ್ಯೋಂ ಬ್ಲಾಂ ಹೆಚ್ಚಾಗಿ ಒಣ ಬಗೆಯವು. ಶೆನಿನ್ ಬ್ಲಾಂ ಮತ್ತು ರೋಸೆ ತೆಗೆದುಕೊಳ್ಳುವಾಗ ಮಾತ್ರ ವಿಚಾರಿಸಿ. ನಮ್ಮ ಜನರ ರುಚಿಗೆಂದು ಸ್ವಲ್ಪ ಸಿಹಿ ಬಿಡುವುದುಂಟು. ಒಣ ವೈನಿನ ರುಚಿ ಹಿಡಿಯದವರಿಗೆ ನಾನು ಸಿಹಿಯದನ್ನು ಸೂಚಿಸುವುದಿಲ್ಲ. ಹಿಡಿಸದಿದ್ದರೆ ಬಿಟ್ಟುಬಿಡಲಿ, ಅದರಿಂದ ಯಾವ ನಷ್ಟವೂ ಇಲ್ಲ.

ಒಣ ವೈನಿನ ಒಂದು ಗ್ಲಾಸಿನಲ್ಲಿ ಕಾರ್ಬೋಹೈಡ್ರೇಟ್ ಎಷ್ಟು? ಲೀಟರಿಗೆ 4 ಗ್ರಾಂ ಸಕ್ಕರೆಯಿದ್ದರೆ 150 ಮಿಲಿಯಲ್ಲಿ 0.6 ಗ್ರಾಂ ಮಾತ್ರ. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕ ನೋಡಿದರೆ ಕೆಂಪು ವೈನಿನ ಒಂದು ಗ್ಲಾಸಿಗೆ 3.8 ಗ್ರಾಂ ಎಂದಿದೆ. ಇಷ್ಟು ವ್ಯತ್ಯಾಸಕ್ಕೆ ಕಾರಣ ಕೋಷ್ಟಕದ ವಿಧಾನ: ನೀರು, ಆಲ್ಕೋಹಾಲ್, ಪ್ರೋಟೀನ್, ಕೊಬ್ಬು, ಖನಿಜಗಳನ್ನು ಕಳೆದು ಮಿಕ್ಕಿದ್ದನ್ನೆಲ್ಲ ಕಾರ್ಬೋಹೈಡ್ರೇಟ್ ಲೆಕ್ಕಕ್ಕೆ ಹಾಕುತ್ತಾರೆ. ವೈನಿನ ಗ್ಲಿಸರಾಲ್, ಹುಳಿಯ ಆಮ್ಲಗಳು ಅದರೊಳಗೆ ಸೇರಿಬಿಡುತ್ತವೆ. ದೊಡ್ಡ ಅಂಕಿಯನ್ನೇ ಹಿಡಿದರೂ, 100 ಗ್ರಾಂ ಅನ್ನದ 28 ಗ್ರಾಂ ಅಥವಾ 650 ಮಿಲಿ ಬಿಯರ್ ಬಾಟಲಿಯ 20 ಗ್ರಾಂಗೂ ಹೆಚ್ಚಿನದರ ಮುಂದೆ ಇದು ಅಲ್ಪ. 2004ರಲ್ಲಿ ಅಮೆರಿಕದಲ್ಲಿ ಲೋ ಕಾರ್ಬ್ ಅಲೆ ಎದ್ದಾಗ ಅಲ್ಲಿನ ಮದ್ಯ ನಿಯಂತ್ರಣ ಸಂಸ್ಥೆ, ಒಂದು ಗ್ಲಾಸಿಗೆ 7 ಗ್ರಾಂ ಮೀರದ ವೈನನ್ನು ಲೋ ಕಾರ್ಬ್ ಎಂದು ಜಾಹೀರು ಮಾಡಬಹುದೆಂದಿತು. ಈ ಅಳತೆಯಲ್ಲಿ ಅಂಗಡಿಯ ಯಾವುದೇ ಒಣ ವೈನ್ ಲೋ ಕಾರ್ಬ್ ಆಗಿಯೇ ಇರುತ್ತದೆ. ಕೀಟೊ ವೈನ್, ಕ್ಲೀನ್ ವೈನ್ ಎಂದು ಹೆಸರಿಟ್ಟು ದುಬಾರಿ ಬೆಲೆಗೆ ಮಾರುವುದಕ್ಕೆ ಹಣ ಸುರಿಯಬೇಕಿಲ್ಲ.

ಕಾರ್ಬ್ ಕಡಿಮೆ ಎಂದ ಮಾತ್ರಕ್ಕೆ ಕ್ಯಾಲರಿ ಕಡಿಮೆಯಲ್ಲ. ಶೇ 13ರ ವೈನಿನ ಒಂದು ಗ್ಲಾಸಿನಲ್ಲಿ 15 ಗ್ರಾಂ ಆಲ್ಕೋಹಾಲ್ ಇದೆ. ಗ್ರಾಂಗೆ 7 ಕ್ಯಾಲರಿಯಂತೆ ನೂರರ ಮೇಲಾಯಿತು. ಒಂದು ಬಾಟಲಿಯಲ್ಲಿ ಐದು ಗ್ಲಾಸು. ದೇಹ ಆಲ್ಕೋಹಾಲನ್ನು ಕೂಡಿಡಲಾರದು, ಅದನ್ನೇ ಮೊದಲು ಸುಡುತ್ತದೆ. ಅಷ್ಟು ಹೊತ್ತು ಕೊಬ್ಬು ಕರಗುವುದು ತಗ್ಗುತ್ತದೆ. ತೂಕ ಇಳಿಸಲೆಂದು ಅನ್ನ ಬಿಟ್ಟು ಸಂಜೆಗೆ ಅರ್ಧ ಬಾಟಲಿ ಕುಡಿಯುವವರಿಗೆ ಪಥ್ಯದ ಫಲ ಸಿಗುವುದಿಲ್ಲ.

ಆದರೆ ನನ್ನನ್ನು ನಿಜವಾಗಿ ಕಾಡುವುದು ತೂಕವಲ್ಲ, ಲಿವರ್. ಬ್ಯಾಂಟಿಂಗ್‌ಗೆ ಪಟ್ಟಿ ಬರೆದ ಹಾರ್ವಿಗೆ ಆ ಯೋಚನೆ ಹೊಳೆದದ್ದು 1856ರಲ್ಲಿ, ಪ್ಯಾರಿಸ್‌ನಲ್ಲಿ ಕ್ಲೋದ್ ಬರ್ನಾರ್‌ರ ಉಪನ್ಯಾಸ ಕೇಳಿದ ಮೇಲೆ. ಸಕ್ಕರೆ ಬರೀ ಊಟದಿಂದ ಬರುವುದಲ್ಲ, ಲಿವರ್ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ ಎಂದು ತೋರಿಸಿಕೊಟ್ಟವರು ಬರ್ನಾರ್. ನಾವು ರಾತ್ರಿಯಿಡೀ ಉಪವಾಸ ಮಲಗಿದರೂ ಮೆದುಳು ಕೆಲಸ ಮಾಡುವುದು ಇದರ ಬಲದಿಂದ. ಆಲ್ಕೋಹಾಲ್ ಒಳಗೆ ಬಂದೊಡನೆ ಲಿವರ್ ಅದನ್ನು ಹೊರಹಾಕುವುದರಲ್ಲಿ ತೊಡಗಿ, ಹೊಸದಾಗಿ ಸಕ್ಕರೆ ತಯಾರಿಸುವುದನ್ನು ತಗ್ಗಿಸುತ್ತದೆ. ಆರೋಗ್ಯವಂತರು ಊಟದ ಜೊತೆ ಕುಡಿದರೆ ಇದು ಗೊತ್ತೂ ಆಗುವುದಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರ ಮಾತು ಬೇರೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುವವರ ಮಾತೂ ಬೇರೆ. ಒಂದು ಕಡೆ ಔಷಧ ಸಕ್ಕರೆಯನ್ನು ಇಳಿಸುತ್ತಿರುತ್ತದೆ, ಇನ್ನೊಂದು ಕಡೆ ಅದನ್ನು ಎತ್ತಿಹಿಡಿಯಬೇಕಾದ ಲಿವರ್ ಕೈಕಟ್ಟಿರುತ್ತದೆ. ಸಕ್ಕರೆ ಕುಸಿಯುವುದು ಗ್ಲಾಸು ಕೆಳಗಿಟ್ಟ ಹೊತ್ತಿಗಲ್ಲ, ಎಷ್ಟೋ ಗಂಟೆಗಳ ಮೇಲೆ, ಕೆಲವೊಮ್ಮೆ ಮರುದಿನ ಬೆಳಗಿನ ಜಾವ.

ಇಲ್ಲಿ ಪಥ್ಯವೇ ಅಪಾಯವಾಗಬಹುದು. ‘ವೈನ್ ಕುಡಿಯುತ್ತೇನಲ್ಲ, ಅನ್ನ ಚಪಾತಿ ಬಿಟ್ಟು ಬರೀ ಕಬಾಬ್ ತಿನ್ನುತ್ತೇನೆ’ ಎಂದು ಸರಿತೂಗಿಸುವವರನ್ನು ನೋಡಿದ್ದೇನೆ. ಮೇಲೆ ಹೇಳಿದ ಔಷಧ ತೆಗೆದುಕೊಳ್ಳುವವರು ಹೀಗೆ ಮಾಡಲೇಬಾರದು. ಅವರು ವೈನ್ ಕುಡಿಯುವುದೇ ಆದರೆ ಊಟದ ಜೊತೆಗೆ, ಊಟದಲ್ಲಿ ಸ್ವಲ್ಪ ಅನ್ನವೋ ರೊಟ್ಟಿಯೋ ಕಾಳಿನ ಪಲ್ಯವೋ ಇರಬೇಕು. ವೈನಿನ ಸಕ್ಕರೆಯನ್ನು ಲೆಕ್ಕ ಹಾಕಿ ಇನ್ಸುಲಿನ್ ಹೆಚ್ಚಿಸಿಕೊಳ್ಳಬಾರದು. ಮಲಗುವ ಮೊದಲು ಒಮ್ಮೆ ಶುಗರ್ ನೋಡಬೇಕು. ಮನೆಯವರಿಗೆ ಹೇಳಿಡಬೇಕು, ಏಕೆಂದರೆ ಸಕ್ಕರೆ ಕುಸಿದಾಗಿನ ತೊದಲು ಮಾತು, ತೂರಾಟ, ಬೆವರು ನೋಡಿದವರಿಗೆ ಅಮಲಿನಂತೆಯೇ ಕಾಣುತ್ತದೆ. ‘ಕುಡಿದಿದ್ದಾರೆ, ಮಲಗಲಿ ಬಿಡಿ’ ಎಂದು ಬಾಗಿಲು ಮುಂದೆ ಮಾಡಿಕೊಂಡರೆ ಜೀವಕ್ಕೇ ಕುತ್ತು. ಎಚ್ಚರವಿದ್ದರೆ ಗ್ಲೂಕೋಸ್ ನೀರು ಕುಡಿಸಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು. ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯವರಿಗೆ ಇನ್ನೊಂದು ಬಗೆಯ ತೊಂದರೆ. ಅನ್ನ ತೀರಾ ಬಿಟ್ಟು ಮೇಲೆ ಕುಡಿದರೆ ರಕ್ತದಲ್ಲಿ ಕೀಟೋನ್ ಆಮ್ಲ ಏರುವ ಅಪಾಯವಿದೆ. ಮೆಟ್‌ಫಾರ್ಮಿನ್ ಒಂದೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಕುಸಿಯುವುದು ಅಪರೂಪ, ಆದರೆ ಅತಿಯಾಗಿ ಕುಡಿಯುವುದು ಅವರಿಗೂ ಕೆಡುಕು. ಲಿವರ್‌ನಲ್ಲಿ ಕೊಬ್ಬು ಕೂತವರು, ಟ್ರೈಗ್ಲಿಸರೈಡ್ ಏರಿದವರು, ಮೇದೋಜೀರಕದ ಉರಿಯೂತ ಕಂಡವರು, ಗರ್ಭಿಣಿಯರು ವೈನನ್ನು ಪೂರ್ತಿ ಬಿಡಬೇಕು.

ಹಾಗಾದರೆ ವೈನಿನಿಂದ ಒಳಿತೇ ಇಲ್ಲವೇ? ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಕಾಯಿಲೆ ಹತೋಟಿಯಲ್ಲಿದ್ದ, ಮದ್ಯದ ಅಭ್ಯಾಸವಿಲ್ಲದ 224 ಮಧುಮೇಹಿಗಳಿಗೆ ಎರಡು ವರ್ಷ ರಾತ್ರಿಯೂಟದ ಜೊತೆ 150 ಮಿಲಿ ಕೆಂಪು ವೈನ್, ಬಿಳಿ ವೈನ್ ಅಥವಾ ನೀರು ಕೊಟ್ಟಿದ್ದರು. ಎಲ್ಲರ ಊಟವೂ ಮೆಡಿಟರೇನಿಯನ್ ಬಗೆಯದು. ಕೆಂಪು ವೈನಿನವರಲ್ಲಿ ಒಳ್ಳೆಯ ಕೊಲೆಸ್ಟರಾಲ್ ತುಸು ಏರಿತು, ಬಿಳಿ ವೈನಿನವರಲ್ಲಿ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಇಳಿಯಿತು. ಇದನ್ನು ಹಿಡಿದು ಕುಡಿಯದವರು ಕುಡಿಯಲು ಶುರುಮಾಡಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ, ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಆಲ್ಕೋಹಾಲ್ ಪ್ರಮಾಣವೇ ಇಲ್ಲ ಎಂದಿದೆ. ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಆಲ್ಕೋಹಾಲ್ 1988ರಿಂದಲೂ ಇದೆ. ಔಷಧವೆಂದು ವೈನ್ ಕುಡಿಯುವುದನ್ನು ನಾನು ಒಪ್ಪಲಾರೆ. ರುಚಿಗಾಗಿ, ಜೊತೆಗಾರರಿಗಾಗಿ, ಅಪರೂಪಕ್ಕೆ ಒಂದು ಗ್ಲಾಸು ಕುಡಿಯುವವರು ಇರುತ್ತಾರೆ, ಅವರು ತಿಳಿದು ಕುಡಿಯಲಿ.

ಅಂಥವರಿಗೆ ನಮ್ಮ ಊಟದಲ್ಲೇ ಒಳ್ಳೆಯ ಜೊತೆಗಳಿವೆ. ಕಾಚಂಪುಳಿ ಹಾಕಿದ ಪಂದಿಕರಿಗೆ ಒಗರಿನ ಕ್ಯಾಬರ್ನೆ ಹೊಂದುತ್ತದೆ. ಕರಾವಳಿಯ ಕೋಳಿ ಸುಕ್ಕಕ್ಕೆ, ಕಾಣೆ ರವಾ ಫ್ರೈಗೆ ತಣ್ಣಗಿನ ಸೋವಿನ್ಯೋಂ ಬ್ಲಾಂ. ಸಸ್ಯಾಹಾರಿಗಳಿಗೆ ಕಡಲೆ ಉಸ್ಲಿ, ಹೆಸರುಬೇಳೆ ಕೋಸಂಬರಿ, ಹುರಿದ ಪನೀರ್ ಸಾಕು. ತುಂಬ ಖಾರದ ಅಡುಗೆಗೆ ಸಿಹಿ ವೈನೇ ಸರಿ ಎಂದು ಹೋಟೆಲುಗಳಲ್ಲಿ ಹೇಳುತ್ತಾರೆ. ಸಿಹಿ ಖಾರವನ್ನು ತಣಿಸುವುದು ನಿಜ. ಪಥ್ಯದವರು ಅದರ ಬದಲು ಖಾರವನ್ನೇ ಕಡಿಮೆ ಮಾಡಿಸಿಕೊಳ್ಳಲಿ. ಮನೆಯಲ್ಲಿ ಸುರಿಯುವಾಗ ಒಮ್ಮೆ ಅಳೆಯುವ ಲೋಟದಿಂದ 150 ಮಿಲಿ ಅಳೆದು ನೋಡಿದರೆ, ಈಗಿನ ದೊಡ್ಡ ಬುರುಡೆಯ ಗ್ಲಾಸುಗಳಲ್ಲಿ ಅದು ಎಷ್ಟು ತಳಕ್ಕೆ ನಿಲ್ಲುತ್ತದೆಯೆಂದು ತಿಳಿಯುತ್ತದೆ. ಸಾಂಗ್ರಿಯಾ, ಮಲ್ಡ್ ವೈನ್, ವೈನ್ ಕೂಲರ್ ಎಂದು ಹಣ್ಣಿನ ರಸ, ಸಕ್ಕರೆ ಬೆರೆಸಿದವುಗಳಿಗೆ ಇಲ್ಲಿ ಹೇಳಿದ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ.

ಯುರೋಪಿನಲ್ಲಿ 2023ರ ಡಿಸೆಂಬರ್ 8ರ ನಂತರ ತಯಾರಾದ ವೈನಿಗೆ ಪೌಷ್ಟಿಕಾಂಶದ ವಿವರ ಕಡ್ಡಾಯವಾಗಿದೆ. ಕ್ಯಾಲರಿಯನ್ನು ಲೇಬಲ್ ಮೇಲೆ, ಕಾರ್ಬೋಹೈಡ್ರೇಟ್ ಮತ್ತು ಸಕ್ಕರೆಯನ್ನು ಬೇಕಿದ್ದರೆ ಕ್ಯೂಆರ್ ಕೋಡಿನ ಹಿಂದೆ ಕೊಡಬಹುದು. ಅಲ್ಲಿಂದ ಬಂದ ಹೊಸ ಬಾಟಲಿ ಕೈಗೆ ಸಿಕ್ಕರೆ ಫೋನ್ ಹಿಡಿದು ನೋಡಿ, ಊಹೆಯ ಗೊಡವೆಯಿಲ್ಲ. ನಂದಿಯ, ಚನ್ನಪಟ್ಟಣದ, ಹಂಪಿಯ ತಯಾರಕರಿಗೂ ಈ ಅಂಕಿ ಗೊತ್ತಿಲ್ಲದ್ದಲ್ಲ. ಉಳಿಕೆ ಸಕ್ಕರೆ ಅಳೆಯದೆ ಯಾರೂ ವೈನನ್ನು ಬಾಟಲಿಗೆ ತುಂಬುವುದಿಲ್ಲ. ಲೆಕ್ಕ ತಪ್ಪಿದರೆ ಬಾಟಲಿಯೊಳಗೇ ಮತ್ತೆ ಹುದುಗೆದ್ದು ಬಿರಡೆ ಹಾರುತ್ತದೆ. ಪ್ರಯೋಗಾಲಯದ ಪುಸ್ತಕದಲ್ಲಿರುವ ಆ ಒಂದು ಸಾಲನ್ನು ಬಾಟಲಿಯ ಹಿಂಬದಿಯಲ್ಲಿ, ಕನ್ನಡದಲ್ಲಿ, ಲೀಟರಿಗೆ ಇಷ್ಟು ಗ್ರಾಂ ಎಂದು ಅಚ್ಚು ಹಾಕಿಸುವ ಕೆಲಸವನ್ನು ರಾಜ್ಯದ ವೈನ್ ಮಂಡಳಿ ಕೈಗೆತ್ತಿಕೊಳ್ಳಬೇಕು. ಅದಕ್ಕೆ ನಿಯಮ ಅಡ್ಡ ಬಂದರೆ ನಿಯಮ ಬದಲಿಸಲು ದೆಹಲಿಗೆ ಬರೆಯಬೇಕು. ಮೊದಲು ಬರಬೇಕಾದದ್ದು ಪೋರ್ಟ್ ಹೆಸರಿನ ಸಿಹಿ ವೈನುಗಳ ಮೇಲೆ.